ಮಾರಿಯಾನೊ ಕಲಿತದ್ದು, ಇಂಡೋ–ಜಾಝ್ ಕಲಿಯದೆ ಉಳಿದದ್ದು

ಭಾರತೀಯ ಸಂಗೀತವೂ ಜಾಝ್ ಸಂಗೀತವೂ ಕೂಡಿದ ಧಾರೆಗೆ ಇಂಡೋ–ಜಾಝ್ ಎಂಬ ಹೆಸರು ಬಿದ್ದು ಆರು ದಶಕಗಳೇ ಆಗುತ್ತ ಬಂದವು. ಮೆಚ್ಚುವವರು ಅದನ್ನು ಸಂಗಮವೆಂದು ಕೊಂಡಾಡುತ್ತಾರೆ, ಒಲ್ಲದವರು ಕಲಬೆರಕೆಯೆಂದು ತಳ್ಳಿಹಾಕುತ್ತಾರೆ. ಈ ಎರಡೂ ತೀರ್ಪುಗಳು ಆತುರದವು. ಯಾರು ಯಾರ ಬಳಿ ಕೂತು ಕಲಿತರು, ಕಲಿತದ್ದು ನುಡಿಸಾಣಿಕೆಯಲ್ಲಿ ಎಷ್ಟು ಇಳಿಯಿತು ಎಂದು ನೋಡಿದರೆ ಮಾತ್ರ ಈ ಪಂಥದ ಬೆಲೆ ತಿಳಿದೀತು. ಹಾಗೆ ನೋಡಲು ಚಾರ್ಲಿ ಮಾರಿಯಾನೊ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಆ ಬದುಕಿನ ದಾರಿ ನಮ್ಮ ಬೆಂಗಳೂರನ್ನೂ ಹಾದುಹೋಗಿದೆ.

ಮಾರಿಯಾನೊ ಹುಟ್ಟಿದ್ದು 1923ರ ನವೆಂಬರ್ 12ರಂದು, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ. ಕೈಹಿಡಿದದ್ದು ಆಲ್ಟೊ ಸ್ಯಾಕ್ಸೊಫೋನ್. ಆ ತಲೆಮಾರಿನಲ್ಲಿ ಆಲ್ಟೊ ಹಿಡಿದವರೆಲ್ಲ ಚಾರ್ಲಿ ಪಾರ್ಕರ್ ನೆರಳಿನಲ್ಲೇ ಬೆಳೆಯಬೇಕಿತ್ತು. ಮಾರಿಯಾನೊ ಕೂಡ ಪಾರ್ಕರ್ ಅನುಯಾಯಿಯಾಗಿಯೇ ಹೆಸರು ಮಾಡಿದರು. 1950ರ ದಶಕದಲ್ಲಿ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದದಲ್ಲಿ ನುಡಿಸಿದರು. 1959ರಲ್ಲಿ ಜಪಾನಿನ ಪಿಯಾನೊ ವಾದಕಿ ತೊಶಿಕೊ ಅಕಿಯೊಶಿ ಅವರನ್ನು ಮದುವೆಯಾದರು, ಇಬ್ಬರೂ ಸೇರಿ ತಂಡ ಕಟ್ಟಿದರು, ಜಪಾನಿನಲ್ಲೂ ಕೆಲಕಾಲ ನೆಲೆಸಿದರು.

ಅವರ ಪ್ರತಿಭೆ ಪೂರ್ತಿಯಾಗಿ ಕಂಡದ್ದು 1963ರಲ್ಲಿ, ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಎಂಬ ಧ್ವನಿಮುದ್ರಿಕೆಯಲ್ಲಿ. ಹನ್ನೊಂದು ಮಂದಿಯ ಆ ತಂಡ ಗುಡುಗುತ್ತಿರುವಾಗ ಮಾರಿಯಾನೊ ಆಲ್ಟೊ ಮೇಲೆದ್ದು ಬರುತ್ತದೆ. ಸ್ವರವನ್ನು ಅವರು ನೆಟ್ಟಗೆ ಮುಟ್ಟುವುದಿಲ್ಲ. ಕೆಳಗಿನಿಂದ ಜಾರಿಕೊಂಡು ಬಂದು ಹಿಡಿಯುತ್ತಾರೆ, ಹಿಡಿದ ಮೇಲೂ ಅಲುಗಿಸುತ್ತಾರೆ, ಬಿಡುವಾಗ ಬಿಕ್ಕಿದಂತೆ ಬಿಡುತ್ತಾರೆ. ಎರಡು ಸ್ವರಗಳ ನಡುವಿನ ಜಾಗದಲ್ಲೇ ಭಾವವೆಲ್ಲ ತುಂಬಿರುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಅಪರಿಚಿತವಲ್ಲ. ಗಮಕದ ಹಸಿವು ಇಂಡಿಯಾವನ್ನು ಕಾಣುವ ಮೊದಲೇ ಅವರಲ್ಲಿತ್ತು.

1960ರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾದಲ್ಲಿದ್ದಾಗ ಅವರಿಗೆ ನಾಗಸ್ವರದ ಪರಿಚಯವಾಯಿತು. ಆಗ ಅವರಿಗೆ ನಲವತ್ತು ದಾಟಿತ್ತು. ಬಾಸ್ಟನ್‌ನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಸ್ವತಃ ಮೇಷ್ಟ್ರಾಗಿದ್ದರು. ಆ ವಯಸ್ಸಿನಲ್ಲಿ ಶಿಷ್ಯರಾಗಿ ಕೂತರು, ಮುಂದೆ ದಕ್ಷಿಣ ಭಾರತಕ್ಕೂ ಬಂದು ಕಲಿತರು. ನಾಗಸ್ವರ ಸುಲಭದ ವಾದ್ಯವಲ್ಲ. ಸ್ಯಾಕ್ಸೊಫೋನ್‌ನಲ್ಲಿ ರಂಧ್ರಗಳನ್ನು ಲೋಹದ ಕೀಲಿಗಳು ಮುಚ್ಚುತ್ತವೆ; ಮುಚ್ಚಿತು ಇಲ್ಲವೇ ತೆರೆಯಿತು, ನಡುವಿನ ಅವಸ್ಥೆ ಕಷ್ಟ. ನಾಗಸ್ವರದಲ್ಲಿ ಬೆರಳೇ ರಂಧ್ರವನ್ನು ಅರ್ಧ, ಕಾಲು ಮುಚ್ಚುತ್ತದೆ, ಉಸಿರಿನ ಒತ್ತಡ ಸ್ವರವನ್ನು ಏರಿಸಿ ಇಳಿಸುತ್ತದೆ. ಅಲ್ಲಿ ಕಲಿತದ್ದನ್ನು ಸ್ಯಾಕ್ಸೊಫೋನ್‌ಗೆ ತರಬೇಕೆಂದರೆ ಬೆರಳಿನ ಕೆಲಸವನ್ನು ತುಟಿಗೂ ದವಡೆಗೂ ಒಪ್ಪಿಸಬೇಕು. ಮಾರಿಯಾನೊ ಮಾಡಿದ್ದು ಈ ಕೆಲಸವನ್ನು.

ಇದರ ತೂಕ ತಿಳಿಯಲು ಅವರ ಆಸುಪಾಸಿನವರನ್ನೂ ನೋಡಬೇಕು. 1961ರಲ್ಲಿ ಜಾನ್ ಕೋಲ್ಟ್ರೇನ್ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ‘ಇಂಡಿಯಾ’ ನುಡಿಸಿದರು. ಅದರಲ್ಲಿ ಶ್ರುತಿಯ ಮೇಲೆ ನಿಂತು ಹಾಡುವ ಆಸೆ ನಿಜವಾದದ್ದು, ಆದರೆ ತಾಳದ ಲೆಕ್ಕಾಚಾರ ಅಲ್ಲಿಗೆ ಬರಲಿಲ್ಲ. 60ರ ದಶಕದ ನಡುವೆ ಲಂಡನ್‌ನಲ್ಲಿ ಕಲ್ಕತ್ತೆ ಮೂಲದ ಜಾನ್ ಮೇಯರ್, ಜಮೈಕಾ ಮೂಲದ ಜೋ ಹ್ಯಾರಿಯಟ್ ಸೇರಿ ಐವರು ಭಾರತೀಯ ಶೈಲಿಯವರನ್ನೂ ಐವರು ಜಾಝ್‌ನವರನ್ನೂ ಕೂಡಿಸಿದರು. ಮೇಯರ್ ಬರವಣಿಗೆ ಅಚ್ಚುಕಟ್ಟಾಗಿದ್ದರೂ ಎರಡು ಗುಂಪುಗಳು ಸರದಿಯಂತೆ ನುಡಿಸಿ ಸುಮ್ಮನಾಗುವುದೇ ಹೆಚ್ಚು. 1975ರ ‘ಶಕ್ತಿ’ ತಂಡ ಈ ಗೋಡೆಯನ್ನು ಕೆಡವಿತು. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಸೇರಿದಾಗ ಮಿಂಚಿನ ವೇಗವೂ ಬಂತು, ಜನರೂ ಬಂದರು. ಆದರೆ ಆ ವೇಗವೇ ಅನುಕರಿಸುವವರಿಗೆ ಮಾದರಿಯಾಗಿ, ಜುಗಲ್‌ಬಂದಿಯೆಂದರೆ ಓಟದ ಪಂದ್ಯ ಎಂಬ ಕೆಟ್ಟ ಚಾಳಿ ಬೆಳೆಯಿತು.

ಮಾರಿಯಾನೊ ಹಿಡಿದ ದಾರಿ ನಿಧಾನದ್ದು. 1970ರ ದಶಕದ ಆರಂಭದಲ್ಲಿ ಯುರೋಪಿಗೆ ಹೋದ ಅವರು ಜರ್ಮನಿಯ ‘ಎಂಬ್ರಿಯೊ’ ತಂಡದ ಒಡನಾಡಿಯಾದರು. ಆ ತಂಡ 1978–79ರಲ್ಲಿ ಬಸ್ಸಿನಲ್ಲಿ ನೆಲದ ಮಾರ್ಗವಾಗಿಯೇ ಭಾರತಕ್ಕೆ ಬಂದಿತ್ತು. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು ನಡೆಸುತ್ತಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆಗಿನ ನಂಟು ಹೀಗೆ ಗಟ್ಟಿಯಾಯಿತು. ಅದರ ಅತ್ಯುತ್ತಮ ಫಲ 1983ರಲ್ಲಿ ಧ್ವನಿಮುದ್ರಣಗೊಂಡು ಮ್ಯೂನಿಕ್‌ನ ಇಸಿಎಂ ಸಂಸ್ಥೆಯಿಂದ ಹೊರಬಂದ ‘ಜ್ಯೋತಿ’.

‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಘಟ, ಖಂಜಿರ, ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲು, ಇವುಗಳ ನಡುವೆ ಒಬ್ಬ ಸ್ಯಾಕ್ಸೊಫೋನ್ ವಾದಕ. ಮೊದಲು ಕೇಳಿಸುವುದೇ ರಮಾಮಣಿಯವರ ಕಂಠ. ಅತಿಥಿ ವಿದ್ವಾಂಸ ಕಾದು, ಕೇಳಿ, ಆಮೇಲೆ ಬರುತ್ತಾರೆ. ಕಂಠ ಹಿಡಿದ ರಾಗಚ್ಛಾಯೆಯನ್ನು ಕೆಡಿಸದೆ, ಹಾಗೆಂದು ಅದರ ನಕಲೂ ಆಗದೆ, ತಮ್ಮ ಮಿಂಗಸ್ ದಿನಗಳ ಅಳುವಿನ ದನಿಯನ್ನೇ ಮಾರಿಯಾನೊ ಅಲ್ಲಿ ಸೇರಿಸುತ್ತಾರೆ. ತಾಳವಾದ್ಯದವರು ಹಿನ್ನೆಲೆಯ ಅಲಂಕಾರವಾಗಿ ಕೂತಿಲ್ಲ. ಕೊನ್ನಕ್ಕೋಲಿನ ಸೊಲ್ಲುಕಟ್ಟುಗಳು ಮಾತಿನಷ್ಟೇ ಸ್ಪಷ್ಟ, ಮುಕ್ತಾಯಗಳು ಸಮಕ್ಕೆ ಸರಿಯಾಗಿ ಬಂದು ಬೀಳುತ್ತವೆ. ಇಲ್ಲಿ ರಮಾಮಣಿ ರಚನಕಾರ್ತಿಯೂ ಹೌದು. ಆದರೂ ಪಾಶ್ಚಾತ್ಯ ಬರಹಗಳು ಈ ಮುದ್ರಿಕೆಯನ್ನು ಮಾರಿಯಾನೊ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುತ್ತವೆ, ನಾವಂತೂ ಅದನ್ನು ನಮ್ಮ ಪಟ್ಟಿಗೆ ಸೇರಿಸಿಕೊಳ್ಳಲೇ ಇಲ್ಲ. ಕನ್ನಡದ ಸಂಗೀತ ವಿಮರ್ಶೆ ರಮಾಮಣಿಯವರಿಗೆ ಕೊಡಬೇಕಾದ ಸ್ಥಾನವನ್ನು ಇನ್ನೂ ಕೊಟ್ಟಿಲ್ಲ.

ಇಷ್ಟು ಮೆಚ್ಚಿದ ಮೇಲೆ ಈ ಪಂಥದ ದೊಡ್ಡ ಕೊರತೆಯನ್ನೂ ಹೇಳಬೇಕು. ‘ಜ್ಯೋತಿ’ ಗೆದ್ದದ್ದು ಜಾಝ್ ತನ್ನ ಮುಖ್ಯ ಆಸ್ತಿಯೊಂದನ್ನು ಮನೆಯಲ್ಲೇ ಬಿಟ್ಟು ಬಂದದ್ದರಿಂದ. ಆ ಆಸ್ತಿ ಹಾರ್ಮನಿ, ಅಂದರೆ ಹಲವು ಸ್ವರಗಳು ಒಟ್ಟಿಗೆ ಮೊಳಗುವ ಕಾರ್ಡ್‌ಗಳ ಚಲನೆ. ಪಾರ್ಕರ್ ಕ್ಷಣಕ್ಷಣಕ್ಕೂ ಬದಲಾಗುವ ಕಾರ್ಡ್‌ಗಳ ಮೇಲೆ ಮನೋಧರ್ಮ ಬೆಳೆಸಿದವರು. ಮಾರಿಯಾನೊ ಅದನ್ನು ಕರಗತ ಮಾಡಿಕೊಂಡಿದ್ದವರು. ಒಂದೇ ಆಧಾರ ಷಡ್ಜದ ಮೇಲೆ ನಿಂತ ರಾಗಕ್ಕೆ ಆ ಚಲನೆ ಹೊಂದುವುದು ಕಷ್ಟ. ಹೀಗಾಗಿ ಇಂಡೋ–ಜಾಝ್‌ನಲ್ಲಿ ಸಾಮಾನ್ಯವಾಗಿ ಜಾಝ್‌ನವರೇ ಬಾಗುತ್ತಾರೆ, ಶ್ರುತಿಗೂ ತಾಳಕ್ಕೂ ಒಗ್ಗಿಕೊಳ್ಳುತ್ತಾರೆ. ಮಾರಿಯಾನೊ ನಾಗಸ್ವರಕ್ಕೆ ಕೊಟ್ಟಷ್ಟು ವರ್ಷಗಳನ್ನು ಜಾಝ್ ಹಾರ್ಮನಿಗೆ ಕೊಟ್ಟ ಕರ್ನಾಟಕ ಸಂಗೀತದ ವಿದ್ವಾಂಸರು ವಿರಳ. ಕಲಿಕೆ ಒಮ್ಮುಖವಾದಲ್ಲಿ ಪಂಥ ಪೂರ್ತಿಯಾಗಿ ಬೆಳೆಯದು.

ನಮ್ಮವರೇ ಆದ ಕದ್ರಿ ಗೋಪಾಲನಾಥರ ಸಾಧನೆಯೂ ಇದನ್ನೇ ಬೇರೊಂದು ಬದಿಯಿಂದ ತೋರಿಸುತ್ತದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಅವರು ವಾದ್ಯವನ್ನೇ ಮಾರ್ಪಡಿಸಿ ಗಮಕಕ್ಕೆ ಒಗ್ಗಿಸಿದರು. ಅವರು ಆಮದು ಮಾಡಿಕೊಂಡದ್ದು ವಾದ್ಯವನ್ನು, ಜಾಝ್ ಅನ್ನು ಅಲ್ಲ. ಅದು ಅವರ ಆಯ್ಕೆ, ಅದರಲ್ಲಿ ಅವರು ಅದ್ವಿತೀಯರು. 2008ರ ‘ಕಿನ್ಸ್‌ಮೆನ್’ ಮುದ್ರಿಕೆಯಲ್ಲಿ ಅವರೊಡನೆ ನುಡಿಸಿದ ಅಮೆರಿಕದ ರುದ್ರೇಶ್ ಮಹಂತಪ್ಪ ಎರಡೂ ಕಡೆಯ ಲೆಕ್ಕ ಬಲ್ಲವರು. ಅಲ್ಲಿ ಗಿಟಾರ್, ಬಾಸ್, ಡ್ರಮ್‌ಗಳ ಜೊತೆಗೇ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ ಇವೆ. ‘ಜ್ಯೋತಿ’ ಬದಿಗಿಟ್ಟ ಹಾರ್ಮನಿಯ ಪ್ರಶ್ನೆಯನ್ನು ಅದು ಮತ್ತೆ ಕೈಗೆತ್ತಿಕೊಂಡಿತು. ಪೂರ್ತಿ ಬಿಡಿಸಲಿಲ್ಲ, ಆದರೆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೂ ಇಲ್ಲ.

ಮಾರಿಯಾನೊ 2009ರ ಜೂನ್ 16ರಂದು ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡರು. ಕದ್ರಿಯವರು 2019ರಲ್ಲಿ, ಮಣಿಯವರು 2020ರಲ್ಲಿ ಹೋದರು. ಇಂಡೋ–ಜಾಝ್ ಒಳ್ಳೆಯ ಮುದ್ರಿಕೆಗಳನ್ನು ಕೊಟ್ಟ, ಆದರೆ ಪಾಠಕ್ರಮವನ್ನು ಕಟ್ಟಿಕೊಳ್ಳದ ಪಂಥ ಎಂಬುದು ನನ್ನ ತೀರ್ಮಾನ. ಅದರ ಸಾಧನೆ ಬಿಡಿ ವ್ಯಕ್ತಿಗಳ ಹಟದಿಂದ ಬಂದದ್ದು. ಹಟವಾದಿಗಳು ಹೋದಾಗ ವೇದಿಕೆಯ ಮೇಲೆ ಉಳಿಯುವುದು ಫ್ಯೂಷನ್ ಎಂಬ ಫಲಕವಷ್ಟೇ. ಬೆಂಗಳೂರಿನಲ್ಲಿ ಇಂದು ಪಾಶ್ಚಾತ್ಯ ಸಂಗೀತ ಕಲಿಸುವ ಶಾಲೆಗಳೂ ಇವೆ, ಕರ್ನಾಟಕ ಸಂಗೀತದ ಗುರುಗಳೂ ಇದ್ದಾರೆ. ಮೃದಂಗ ಕಲಿಯುವ ಹುಡುಗಿ ಒಂದಿಷ್ಟು ಹಾರ್ಮನಿಯನ್ನೂ, ಸ್ಯಾಕ್ಸೊಫೋನ್ ಕಲಿಯುವ ಹುಡುಗ ಒಂದು ವರ್ಣವನ್ನೂ ಶ್ರದ್ಧೆಯಿಂದ ಕಲಿಯುವಂತೆ ಇವರು ಸೇರಿ ವ್ಯವಸ್ಥೆ ಮಾಡಲಿ. ಮಾರಿಯಾನೊ ಒಬ್ಬರೇ ನಡೆದ ದಾರಿ ಆಗ ಮಾತ್ರ ಪರಂಪರೆಯಾಗುತ್ತದೆ.