ಅಜ್ಜಿ ದಾಟಬೇಕಾದ ರಸ್ತೆ

ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ನಿಲ್ದಾಣದೊಳಗೆ ನಿಂತು ನೋಡಿದರೆ ದೂರಲು ಹೆಚ್ಚೇನೂ ಸಿಗುವುದಿಲ್ಲ. ಟಿಕೆಟ್ ಒಳಬರುವಾಗಲೇ ಆಗಿರುತ್ತದೆ. ಚಿಗರಿ ಬಸ್ಸು ಬಂದು ನಿಂತರೆ ಪ್ಲಾಟ್‌ಫಾರ್ಮಿನ ನೆಲ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ. ಮೊಣಕಾಲು ನೋವಿನ ಅಜ್ಜಿ ಕಂಬಿ ಹಿಡಿದು ಏದುಸಿರು ಬಿಡಬೇಕಿಲ್ಲ. ‘ಲಗೂ ಹತ್ರಿ’ ಎಂದು ಗದರಲು ಕಂಡಕ್ಟರೂ ಇಲ್ಲ. ನಿಲ್ದಾಣದ ಬಳಿ ಹಿಂದಿಕ್ಕುವ ಪಥವಿರುವುದರಿಂದ ಎಕ್ಸ್‌ಪ್ರೆಸ್ ಬಸ್ಸು ನಿಂತ ಬಸ್ಸಿನ ಬೆನ್ನಿಗೆ ಕಾಯುವುದಿಲ್ಲ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾದಾಗ ಸುಮಾರು 22 ಕಿ.ಮೀ. ಉದ್ದಕ್ಕೂ ಇಂಥದ್ದೊಂದು ಏರ್ಪಾಡು ಕರ್ನಾಟಕಕ್ಕೇ ಹೊಸದು.

ಸಮಸ್ಯೆ ಇರುವುದು ನಿಲ್ದಾಣದ ಹೊರಗೆ. ನಿಲ್ದಾಣ ರಸ್ತೆಯ ನಟ್ಟನಡುವೆ ಇದೆ. ಅದಕ್ಕೂ ಫುಟ್‌ಪಾತಿಗೂ ನಡುವೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಕಾರು, ಲಾರಿ, ಬೈಕುಗಳ ಹೊಳೆ. ಝೀಬ್ರಾ ಪಟ್ಟೆಯನ್ನು ಕಂಡು ಬ್ರೇಕ್ ಒತ್ತುವ ಅಭ್ಯಾಸ ನಮ್ಮವರಿಗೆ ಇಲ್ಲ. ಬಸ್ಸಿಗೇನೋ ಚಿಗರಿ ಎಂದು ಹೆಸರಿಟ್ಟರು, ಜಿಗಿಯುವ ಪಾಳಿ ಮಾತ್ರ ಪ್ರಯಾಣಿಕರದ್ದಾಯಿತು.

ಈ ಬಗೆಯ ನಿಲ್ದಾಣದ ತವರು ಬ್ರೆಜಿಲ್‌ನ ಕುರಿಟೀಬಾ. ಜೈಮೆ ಲೆರ್ನರ್, ಸ್ವತಃ ವಾಸ್ತುಶಿಲ್ಪಿ, ಅಲ್ಲಿ ಮೇಯರ್ ಆಗಿದ್ದಾಗ 1991ರಲ್ಲಿ ಗಾಜು–ಉಕ್ಕಿನ ಕೊಳವೆಯಂಥ ನಿಲ್ದಾಣಗಳು ಬಂದವು. ಮೊದಲೇ ಹಣ ಕೊಡುವುದು, ಮಟ್ಟಸ ನೆಲದಿಂದ ನೇರ ಬಸ್ಸಿಗೆ ಕಾಲಿಡುವುದು ಅಲ್ಲಿ ಹೆಸರುವಾಸಿಯಾಯಿತು. ಜಗತ್ತೆಲ್ಲ ಬಂದು ಆ ಕೊಳವೆಯ ಫೋಟೊ ತೆಗೆದುಕೊಂಡು ಹೋಯಿತು. ಸುತ್ತಲಿನ ರಸ್ತೆಯತ್ತ ಕ್ಯಾಮೆರಾ ತಿರುಗಿಸಿದವರು ಕಡಿಮೆ. ಕೊಳವೆಗಿಂತ ಬಹಳ ಮೊದಲೇ, 1970ರ ದಶಕದಲ್ಲಿ, ಆ ಊರು ತನ್ನ ಮುಖ್ಯ ಸಂಚಾರವನ್ನು ಮೂರಾಗಿ ಸೀಳಿಕೊಂಡಿತ್ತು. ನಡುವೆ ಬಸ್ಸಿನ ಪಥ, ಅದಕ್ಕೆ ಅಂಟಿಕೊಂಡು ಎರಡೂ ಬದಿ ನಿಧಾನಗತಿಯ ಸ್ಥಳೀಯ ಬೀದಿ; ದೌಡಾಯಿಸುವ ವಾಹನಗಳೆಲ್ಲ ಒಂದೊಂದು ಕೇರಿ ಆಚೆಗಿನ ಸಮಾನಾಂತರ ರಸ್ತೆಗಳಿಗೆ. ನಿಲ್ದಾಣಕ್ಕೆ ಹೋಗುವವನು ದಾಟಬೇಕಾದ್ದು ಆ ನಿಧಾನದ ಬೀದಿಯನ್ನು ಮಾತ್ರ.

ಅಲ್ಲಿಯ ಪೆಟ್ಟಿಗೆ ನಮಗೆ ಬಂತು, ಅದನ್ನು ಇಡಬೇಕಾದ ಅಂಗಳ ಬರಲಿಲ್ಲ. ಅಂಗಳ ತರುವುದು ಸುಲಭವಿರಲಿಲ್ಲ, ಒಪ್ಪುತ್ತೇನೆ. ಅವಳಿ ನಗರವನ್ನು ಬೆಸೆದ ಹಳೆಯ ಹೆದ್ದಾರಿಯ ಪಕ್ಕದಲ್ಲಿ ಇನ್ನೆರಡು ರಸ್ತೆ ಎಲ್ಲಿಂದ ಹುಟ್ಟಬೇಕು? ಆದರೆ ದಾಟುವ ಜಾಗದಲ್ಲಿ ಡಾಂಬರನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಲು ಯಾವ ಜಮೀನೂ ಬೇಕಿರಲಿಲ್ಲ. ಆಗ ಉಬ್ಬು ಹತ್ತಿ ಇಳಿಯುವುದು ಕಾರುಗಳ ಪಾಡಾಗುತ್ತಿತ್ತು. ಈಗ ಹತ್ತಿ ಇಳಿಯುವುದು ಅಜ್ಜಿಯ ಪಾಡು. ಮಟ್ಟಸ ನೆಲದ ಬಸ್ಸಿನಿಂದ ಸಲೀಸಾಗಿ ಇಳಿದವಳು ನಿಲ್ದಾಣದ ಇಳಿಜಾರಿನ ತುದಿಗೆ ಬಂದು, ಕೈಚೀಲ ಎದೆಗವುಚಿಕೊಂಡು, ಯಾರಾದರೂ ಜತೆಗೆ ದಾಟುವವರು ಬರಲೆಂದು ನಿಂತಿರುತ್ತಾಳೆ.