ಬೀದಿಯ ಬಾಳು ಮತ್ತು ಕಪ್ಪು-ಬಿಳುಪಿನ ಛಾಯಾಚಿತ್ರ

ಛಾಯಾಗ್ರಹಣವು ಕಲೆಯೋ, ಬರಿಯ ಯಂತ್ರಕೌಶಲವೋ ಎಂಬ ಚರ್ಚೆ ಹಳೆಯದು. ಅದನ್ನು ಇಲ್ಲಿ ಬೆಳೆಸುವ ಇಚ್ಛೆ ನಮಗಿಲ್ಲ, ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪಿನ ಚಿತ್ರಗಳನ್ನು ಕಂಡವರಿಗೆ ಆ ಸಂಶಯ ಉಳಿಯಲಾರದು. ಅರಮನೆಯ ಊರಿನಲ್ಲಿ ಹುಟ್ಟಿಯೂ ಅವರ ಕಣ್ಣು ಹೆಚ್ಚಾಗಿ ನಿಂತದ್ದು ಬೀದಿಯ ಸಾಮಾನ್ಯರ ಮೇಲೆ, ಅದರಲ್ಲಿಯೂ ಮಕ್ಕಳ ಮೇಲೆ. 1977ರಲ್ಲಿ ಪದ್ಮಶ್ರೀ ಬಂದಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು.

ಬಣ್ಣವಿದ್ದಲ್ಲಿ ಕಣ್ಣು ಮೊದಲು ಸೀರೆಯ ಕೆಂಪಿಗೆ ಓಡುತ್ತದೆ. ಬಣ್ಣವಿಲ್ಲದಲ್ಲಿ ಅದು ಮುಖದ ಗೆರೆಯನ್ನೂ ಹೊರೆಗೆ ಬಾಗಿದ ಬೆನ್ನನ್ನೂ ಅರಸುತ್ತದೆ. ಫ್ರಾನ್ಸಿನ ಕಾರ್ತಿಯೇ-ಬ್ರೆಸೋನ್, ಕ್ಷಣವೊಂದನ್ನು ಹಿಡಿಯುವ ತಮ್ಮ ಪದ್ಧತಿಯನ್ನು 1952ರ ಗ್ರಂಥದಲ್ಲಿ ವಿವರಿಸಿದರು. ಅವರಲ್ಲಿ ಮನುಷ್ಯನು ಎಷ್ಟೋ ವೇಳೆ ರೇಖಾವಿನ್ಯಾಸದ ಒಂದು ಅಂಗ. ಸತ್ಯನ್ನರಲ್ಲಿ ಮನುಷ್ಯನೇ ಮೊದಲು. ಆದರೆ ಈ ಪ್ರೀತಿಯೇ ಅವರ ಮಿತಿಯೂ ಹೌದೆಂದು ನಮಗೆ ತೋರುತ್ತದೆ. ಅವರ ಬಡವರು ನಗುತ್ತಾರೆ, ದುಡಿಯುತ್ತಾರೆ, ಸಿಟ್ಟಾಗುವುದು ವಿರಳ.

ಇನ್ನು ನಮ್ಮ ಪೆರ್ಲಕ್ಕೆ ಬರೋಣ. ಎಣ್ಮಕಜೆಗೆ ಹೊರಗಿನ ಕ್ಯಾಮರಾಗಳು ಬಂದದ್ದು ಎಂಡೋಸಲ್ಫಾನ್ ದುರಂತಕ್ಕಾಗಿ. ಆ ಚಿತ್ರಗಳಿಂದ ಲೋಕಕ್ಕೆ ನಮ್ಮ ಸಂಕಟ ತಿಳಿಯಿತು. ಅದು ಉಪಕಾರವೇ ಸರಿ. ಆದರೆ ಮುಂದೊಬ್ಬ ಸಂಶೋಧಕನು ಅವನ್ನಷ್ಟೇ ನೋಡಿದರೆ, ಇಲ್ಲಿ ಅಡಿಕೆ ಮೂಟೆ ಇಳಿಸುವವರಾಗಲಿ, ಬಸ್ಸಿಗೆ ಕಾಯುತ್ತ ಜಗಳವಾಡುವ ಶಾಲೆಯ ಹುಡುಗರಾಗಲಿ ಇದ್ದರೆಂದು ಅವನಿಗೆ ಹೇಗೆ ತಿಳಿಯಬೇಕು?

ಇನ್ನೊಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಯಾವ ಅಂಗಡಿಯ ಫಲಕದಲ್ಲಿ ಕನ್ನಡದ ಮಗ್ಗುಲಿಗೆ ಮಲಯಾಳದ ಅಕ್ಷರ ಎಂದು ಬಂದಿತು, ಎಲ್ಲಿ ಕನ್ನಡವೇ ಅಳಿಯಿತು? ಭಾಷಣಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಸಾಕ್ಷಿಗೆ ಬೇಕಾದುದು ಇಸವಿ ಬರೆದಿಟ್ಟ ಒಂದು ಬೀದಿಯ ಚಿತ್ರ. ನಾವು ಶಾಸನ ಹುಡುಕುತ್ತೇವೆ, ತಾಳೆಗರಿ ಕಾಯುತ್ತೇವೆ. ಸ್ಟುಡಿಯೋಗಳ ಹಳೆಯ ನೆಗೆಟಿವುಗಳು ಮಾತ್ರ ಮಳೆಗಾಲದ ಬೂಷ್ಟಿಗೆ ಆಹಾರ.

ನಮ್ಮ ಕಪಾಟಿನಲ್ಲಿ ಉಪಾಧ್ಯಾಯರ ಬೀಳ್ಕೊಡುಗೆಯ ಹಳೆಯ ಗುಂಪುಚಿತ್ರವೊಂದಿದೆ. ಶಾಲು ಹೊದ್ದು ಗಂಭೀರವಾಗಿ ಕುಳಿತವರ ಹಿಂದೆ, ಅಂಚಿನಲ್ಲಿ, ಛಾಯಾಗ್ರಾಹಕನಿಗೆ ಬೇಡವಾಗಿದ್ದ ಬೀದಿಯ ಚೂರೊಂದು ಬಿದ್ದಿದೆ. ಅಲ್ಲೊಂದು ಸೈಕಲ್ಲು, ಒಂದು ಅಂಗಡಿ. ಭೂತಕನ್ನಡಿ ಹಿಡಿದು ನೋಡಿದೆವು. ಫಲಕದ ಅರ್ಧ ಚೌಕಟ್ಟಿನಿಂದ ಹೊರಗೆ ಉಳಿದಿದೆ.