ದೂರಶಿಕ್ಷಣದ ಪಾಠಗ್ರಂಥವೂ ಕ್ರೆಡಿಟ್ಟಿನ ಅಳತೆಯೂ

ಒಂದು ವಿಶ್ವವಿದ್ಯಾನಿಲಯದಲ್ಲಿ ಕಲಿತುದನ್ನು ಮತ್ತೊಂದು ವಿಶ್ವವಿದ್ಯಾನಿಲಯವು ಯಾವ ಆಧಾರದ ಮೇಲೆ ಅಂಗೀಕರಿಸಬೇಕು? ಇದು ಕಚೇರಿಗೆ ಸೇರಿದ ವ್ಯವಹಾರವೆಂದು ಭಾವಿಸಿ ಸಾಹಿತ್ಯದ ಅಧ್ಯಾಪಕರು ದೂರವುಳಿಯುವುದುಂಟು. ಆದರೆ ದೂರಶಿಕ್ಷಣದಲ್ಲಿ ಅಧ್ಯಾಪಕನ ಸ್ಥಾನದಲ್ಲಿ ಬಹುಮಟ್ಟಿಗೆ ಗ್ರಂಥವೇ ನಿಂತಿರುವುದರಿಂದ, ಆ ಗ್ರಂಥದ ಗುಣದೋಷಗಳನ್ನು ವಿಚಾರಮಾಡದೆ ಈ ಪ್ರಶ್ನೆಗೆ ಉತ್ತರವು ದೊರೆಯಲಾರದು. ಗುಣದೋಷವಿಚಾರವಾದರೋ ವಿಮರ್ಶಕನ ಕೆಲಸ.

ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿ, ಯಾವ ಕಾಲೇಜಿಗೂ ಸೇರದವರಿಗೂ ತನ್ನ ಪರೀಕ್ಷೆಗಳನ್ನು ತೆರೆಯಿತು. ಅಲ್ಲಿ ಎಲ್ಲಿ ಓದಿದನೆಂಬ ಪ್ರಶ್ನೆಯಿರಲಿಲ್ಲ, ಪರೀಕ್ಷೆಯೊಂದೇ ಸಾಕ್ಷಿಯಾಗಿತ್ತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಪಾಠಹೇಳುವುದಕ್ಕೆ ತೊಡಗಿತು; ಮೈಸೂರಿನಲ್ಲಿ ಆ ಕಾರ್ಯವು 1969ರಲ್ಲಿ ಆರಂಭವಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅಂಚೆಯ ಪಾಠ ಬಂದಮೇಲೆ ಪರೀಕ್ಷೆಯ ಜೊತೆಗೆ ಪಾಠಗ್ರಂಥವೂ ಸಾಕ್ಷಿಯಾಯಿತು.

ಕ್ರೆಡಿಟ್ ಎಂಬುದು ಮುಖ್ಯವಾಗಿ ವ್ಯಾಸಂಗದ ಪರಿಮಾಣವನ್ನು ತೋರಿಸುವ ಮಾನ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ವ್ಯಾಸಂಗ. ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 120 ಗಂಟೆ. ಓದುವುದು, ಲಿಖಿತ ಅಭ್ಯಾಸಗಳನ್ನು ಬರೆಯುವುದು ಮೊದಲಾದುವೆಲ್ಲವೂ ಇದರಲ್ಲಿ ಅಡಕ. 2021ರ ನಿಯಮಗಳಿಂದ ಏರ್ಪಟ್ಟ ಅಕೆಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯಲ್ಲಿ ಇಂಥ ಗಳಿಕೆಯು ವಿದ್ಯಾರ್ಥಿಯ ಖಾತೆಯಲ್ಲಿ ಹೆಚ್ಚೆಂದರೆ ಏಳು ವರ್ಷ ನಿಲ್ಲುತ್ತದೆ. ಈ ಬ್ಯಾಂಕು ಪಾಠವನ್ನೂ ಹೇಳದು, ಪರೀಕ್ಷೆಯನ್ನೂ ಮಾಡದು. ಸಂಸ್ಥೆಗಳು ಕೊಟ್ಟ ಲೆಕ್ಕವನ್ನು ಕಾಪಾಡುತ್ತದೆ, ಅಷ್ಟೆ.

ಲೆಕ್ಕವು ಸರಿಯಾಗಿದ್ದರೂ ನ್ಯಾಯವು ತಪ್ಪಬಹುದು. ಹಳಗನ್ನಡ ಕಾವ್ಯವನ್ನು ಕುರಿತ ಎರಡು ಪತ್ರಿಕೆಗಳನ್ನು ಭಾವಿಸೋಣ. ಒಂದರಲ್ಲಿ ಪಂಪಭಾರತದ ಒಂದು ಆಶ್ವಾಸವನ್ನು ಪದ್ಯಪದ್ಯವಾಗಿ ಅನ್ವಯಿಸಿ, ಛಂದಸ್ಸನ್ನು ಗುರುತಿಸಿ ಓದಿಸುತ್ತಾರೆ. ಇನ್ನೊಂದರಲ್ಲಿ ಕವಿಯ ಕಾಲ, ಆಶ್ರಯದಾತ, ಕಥಾಸಾರ ಇಷ್ಟನ್ನೇ ಒಪ್ಪಿಸುತ್ತಾರೆ. ಖಾತೆಯಲ್ಲಿ ಎರಡೂ ನಾಲ್ಕೇ. ಎರಡನೆಯ ವಿದ್ಯಾರ್ಥಿಯು ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಹೋದಾಗ ಮೂಲಪದ್ಯದ ಮುಂದೆ ನಿರುತ್ತರನಾಗುತ್ತಾನೆ; ಮೊದಲನೆಯವನನ್ನು, ಪತ್ರಿಕೆಯ ಹೆಸರು ಹೊಂದಲಿಲ್ಲವೆಂದು, ಕಲಿತುದನ್ನೇ ಮತ್ತೆ ಕಲಿಯುವಂತೆ ಮಾಡಬಹುದು. ಈ ಎರಡು ಅನ್ಯಾಯಗಳ ಮೂಲವೂ ಒಂದೇ: ಪಾಠವನ್ನು ಯಾರೂ ತೆರೆದು ನೋಡಲಿಲ್ಲ.

ಪಾಠಗ್ರಂಥಗಳ ಸಾಮಾನ್ಯ ಕ್ರಮವು ಉದ್ದೇಶ, ವಿವರಣೆ, ಸ್ವಪರೀಕ್ಷೆಯ ಪ್ರಶ್ನೆಗಳು, ಸಾರಾಂಶ ಎಂದು. ಕ್ರಮದಲ್ಲಿ ದೋಷವಿಲ್ಲ, ಸಾರಾಂಶವು ಮೂಲವನ್ನು ಹೊರದೂಡಿದರೆ ದೋಷ. ಗುರುವಿಲ್ಲದೆಡೆಯಲ್ಲಿಯೂ ಓದುಗನ ಕೈಹಿಡಿಯುವ ಬರಹವು ನಮ್ಮವರಿಗೆ ಹೊಸದಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ತಾನೇ ವೃತ್ತಿಯನ್ನು ಬರೆದು, ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟನು. ಅಲ್ಲಿ ವಿವರಣೆಯು ಕವಿವಾಣಿಗೆ ದಾರಿಯಾಗಿದೆಯೇ ಹೊರತು ಅದರ ಬದಲಿಯಾಗಿಲ್ಲ. ದೂರಶಿಕ್ಷಣದ ಸಾಹಿತ್ಯಪಾಠವನ್ನೂ ಇದೇ ಒರೆಗೆ ಹಚ್ಚಬೇಕು.

ಸಾವಿರಾರು ಅರ್ಜಿಗಳ ಹಿಂದಿನ ಪುಸ್ತಕಗಳನ್ನೆಲ್ಲ ಓದುವುದು ಸಾಧ್ಯವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಅಂಕಿಯೊಂದಿಲ್ಲದಿದ್ದರೆ ವಿದ್ಯಾರ್ಥಿಯ ಭವಿಷ್ಯವು ಅಧಿಕಾರಿಯ ಇಷ್ಟಾನಿಷ್ಟಗಳಿಗೆ ಸಿಕ್ಕೀತು. ನಡುವೆ ಓದು ಬಿಟ್ಟ ಬಡವನು ಮೊದಲಿಂದ ತೊಡಗಬೇಕಾದೀತು. ಆದಕಾರಣ ಕ್ರೆಡಿಟ್ಟನ್ನು ತೊರೆಯಬೇಕೆಂದು ನಾವು ಹೇಳುವುದಿಲ್ಲ, ಅದೊಂದೇ ಸಾಲದೆನ್ನುತ್ತೇವೆ. ಅಂಕಿಯೊಡನೆ ಪಠ್ಯಕ್ರಮ, ಓದಿದ ಮೂಲಭಾಗಗಳ ಪಟ್ಟಿ, ಅಧ್ಯಾಪಕನು ತಿದ್ದಿದ ಒಂದು ಲಿಖಿತ ಅಭ್ಯಾಸ, ಇವು ಮೂರೂ ಬರಲಿ. ಪಾಠಗ್ರಂಥವನ್ನು ಪ್ರತಿ ಅರ್ಜಿಗಲ್ಲದಿದ್ದರೂ ಒಮ್ಮೆ ಭಾಷಾಧ್ಯಾಪಕರು ಪರಿಶೀಲಿಸಿ ಅಭಿಪ್ರಾಯವನ್ನು ದಾಖಲಿಸಲಿ.

ಗಂಟೆಗಳನ್ನು ಎಣಿಸುವುದು ಕಚೇರಿಗೆ ಸಾಧ್ಯ. ಆ ಗಂಟೆಗಳಲ್ಲಿ ಕಾವ್ಯವು ಓದುಗನಿಗೆ ದಕ್ಕಿತೇ ಎಂಬುದನ್ನು ಬಲ್ಲವರು ಅಧ್ಯಾಪಕರು. ಆ ಹೊಣೆಯನ್ನು ಅವರು ವಹಿಸಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.